ಚೌಕ ಕುಣಿತ: ಉತ್ತರ ಅಮೆರಿಕದ ಸಮುದಾಯ ನೃತ್ಯವೊಂದರ ಚರಿತ್ರೆ ಮತ್ತು ಒಡೆತನದ ಪ್ರಶ್ನೆ

ಉತ್ತರ ಅಮೆರಿಕ ಖಂಡದ ಜನಪದ ಕಲೆಗಳಲ್ಲಿ ‘ಸ್ಕ್ವೇರ್ ಡ್ಯಾನ್ಸ್’ ಎಂದು ಹೆಸರಾದ ಚೌಕ ಕುಣಿತಕ್ಕೆ ವಿಶಿಷ್ಟವಾದ ಸ್ಥಾನವಿದೆ. ನಾಲ್ಕು ಜೋಡಿಗಳು ಚೌಕದ ನಾಲ್ಕು ಬದಿಗಳಲ್ಲಿ ನಿಂತು, ಪಿಟೀಲಿನ ನಾದಕ್ಕೆ ಹೆಜ್ಜೆ ಹಾಕುತ್ತ, ಒಬ್ಬ ಕರೆಗಾರನು ಕೂಗಿ ಹೇಳುವ ಸೂಚನೆಗಳಂತೆ ಸ್ಥಾನ ಬದಲಿಸುತ್ತ ಕುಣಿಯುವುದು ಇದರ ಸ್ಥೂಲ ಸ್ವರೂಪ. 1982ರ ಜೂನ್ 1ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಮಾಡಿದ ಶಾಸನವೊಂದು ಈ ಕುಣಿತವನ್ನು 1982 ಮತ್ತು 1983ನೆಯ ವರ್ಷಗಳ ಮಟ್ಟಿಗೆ ಆ ದೇಶದ ರಾಷ್ಟ್ರೀಯ ಜನಪದ ನೃತ್ಯವೆಂದು ಘೋಷಿಸಿತು. ಈ ಮನ್ನಣೆಯನ್ನು ಶಾಶ್ವತಗೊಳಿಸಬೇಕೆಂಬ ಪ್ರಯತ್ನಗಳು ಮುಂದೆ ನಡೆದವಾದರೂ ಫಲಿಸಲಿಲ್ಲ. ಅವುಗಳನ್ನು ವಿರೋಧಿಸಿದವರಲ್ಲಿ ಜಾನಪದ ವಿದ್ವಾಂಸರೂ ಇದ್ದರೆಂಬುದು ಗಮನಾರ್ಹ ಸಂಗತಿ.

ಜನಪದ ಕಲೆಯೊಂದಕ್ಕೆ ಪ್ರಭುತ್ವದ ಮನ್ನಣೆ ದೊರೆಯುವುದನ್ನು ಜಾನಪದ ವಿದ್ವಾಂಸರು ಏಕೆ ವಿರೋಧಿಸಬೇಕಾಯಿತು? ಈ ಪ್ರಶ್ನೆಗೆ ಉತ್ತರ ಕುಣಿತದ ಚರಿತ್ರೆಯಲ್ಲಿಯೇ ಇದೆ. ಚೌಕ ಕುಣಿತವು ಒಂದೇ ಜನಾಂಗದ, ಒಂದೇ ಪ್ರದೇಶದ ಸೃಷ್ಟಿಯಲ್ಲ. ಇಂಗ್ಲೆಂಡ್, ಫ್ರಾನ್ಸ್, ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ವಲಸಿಗರು, ಆಫ್ರಿಕದಿಂದ ತರಲ್ಪಟ್ಟ ಗುಲಾಮರು, ಖಂಡದ ಮೂಲನಿವಾಸಿಗಳು ಇವರೆಲ್ಲರ ಕೈಗೂಡಿ ರೂಪುಗೊಂಡ ಸಂಕೀರ್ಣ ಕಲೆ ಇದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಪುನರುಜ್ಜೀವನಗೊಳಿಸಿದವರಲ್ಲಿ ಹಲವರು ಇದರ ಒಂದು ಬೇರನ್ನು ಮಾತ್ರ ಎತ್ತಿ ತೋರಿಸಿದರು. ಉಳಿದ ಬೇರುಗಳು ಮರೆಗೆ ಸರಿದವು. ಈ ಕುಣಿತದ ಸ್ವರೂಪ, ಬೆಳವಣಿಗೆ ಮತ್ತು ಪುನರುಜ್ಜೀವನದ ಘಟ್ಟಗಳನ್ನು ಗುರುತಿಸುತ್ತ, ಯಾರ ಪಾಲು ದಾಖಲಾಯಿತು, ಯಾರ ಪಾಲು ಬಿಟ್ಟುಹೋಯಿತು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕುಣಿತದ ಸ್ವರೂಪ

ಚೌಕ ಕುಣಿತದ ಘಟಕವು ಎಂಟು ಜನರದು. ನಾಲ್ಕು ಜೋಡಿಗಳು ಒಳಮುಖವಾಗಿ ನಿಲ್ಲುತ್ತವೆ. ಸಾಂಪ್ರದಾಯಿಕವಾಗಿ ಪ್ರತಿ ಜೋಡಿಯಲ್ಲಿ ಹೆಣ್ಣು ಗಂಡಿನ ಬಲಗಡೆಗೆ ಇರುತ್ತಾಳೆ. ಕರೆಗಾರನಿಗೆ ಬೆನ್ನು ಮಾಡಿ ನಿಂತ ಜೋಡಿ ಮೊದಲನೆಯದು. ಅಲ್ಲಿಂದ ಬಲಕ್ಕೆ ಎರಡನೆಯ, ಮೂರನೆಯ, ನಾಲ್ಕನೆಯ ಜೋಡಿಗಳು. ಒಂದು ಮತ್ತು ಮೂರನೆಯ ಜೋಡಿಗಳನ್ನು ತಲೆಜೋಡಿಗಳೆಂದೂ, ಎರಡು ಮತ್ತು ನಾಲ್ಕನೆಯವನ್ನು ಪಕ್ಕದ ಜೋಡಿಗಳೆಂದೂ ಕರೆಯುವುದು ವಾಡಿಕೆ. ಹಳೆಯ ಪದ್ಧತಿಯಲ್ಲಿ ಮೊದಲ ಜೋಡಿಯು ಬಲಕ್ಕೆ ಸಾಗಿ ಎರಡನೆಯ ಜೋಡಿಯೊಡನೆ ಒಂದು ವಿನ್ಯಾಸವನ್ನು ಕುಣಿದು, ಅನಂತರ ಮೂರನೆಯ ಮತ್ತು ನಾಲ್ಕನೆಯ ಜೋಡಿಗಳೊಡನೆ ಅದನ್ನೇ ಪುನರಾವರ್ತಿಸುತ್ತದೆ. ಬಳಿಕ ಎರಡನೆಯ ಜೋಡಿಯ ಸರದಿ. ಮನೆಯಿಂದ ಮನೆಗೆ ಭೇಟಿ ಕೊಡುವಂತಹ ಈ ಕ್ರಮದಲ್ಲಿ, ಕುಣಿತ ಬಾರದವರು ಕೊನೆಯ ಜೋಡಿಯಾಗಿ ನಿಂತು ಉಳಿದವರನ್ನು ನೋಡಿಯೇ ಕಲಿಯಲು ಅವಕಾಶವಿತ್ತು. ಪ್ರತ್ಯೇಕ ತರಬೇತಿಯಿಲ್ಲದೆ ಕಲೆಯು ತಲೆಮಾರಿನಿಂದ ತಲೆಮಾರಿಗೆ ಸಾಗಿಬರಲು ಈ ರಚನೆಯೂ ಒಂದು ಕಾರಣ.

ಕುಣಿತದ ಜೀವಾಳ ಕರೆಗಾರ. ಯಾವ ವಿನ್ಯಾಸದ ಅನಂತರ ಯಾವುದು ಬರಬೇಕೆಂಬುದನ್ನು ಆತ ತಾಳಕ್ಕೆ ಸರಿಯಾಗಿ, ಕುಣಿಯುವವರಿಗೆ ಬೇಕಾದ ಕ್ಷಣಕ್ಕಿಂತ ತುಸು ಮುಂಚಿತವಾಗಿ ಕೂಗಿ ಹೇಳುತ್ತಾನೆ. ಸೂಚನೆಗಳ ನಡುವಿನ ಬಿಡುವನ್ನು ಪ್ರಾಸಬದ್ಧವಾದ ಹಾಸ್ಯದ ಮಾತುಗಳಿಂದ ತುಂಬುತ್ತಾನೆ. ಕೆಲವೊಮ್ಮೆ ಸೂಚನೆಗಳನ್ನು ಜನಪ್ರಿಯ ಹಾಡಿನ ಧಾಟಿಗೆ ಹೊಂದಿಸಿ ಹಾಡುವುದೂ ಉಂಟು. ಕುಣಿಯುವವರಿಗೆ ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಕಿವಿಗೊಟ್ಟು ಕೇಳುತ್ತಲೇ ಕುಣಿಯಬೇಕು. ಯುರೋಪಿನ ಮೂಲರೂಪಗಳಿಂದ ಚೌಕ ಕುಣಿತವನ್ನು ಪ್ರತ್ಯೇಕಿಸುವ ಮುಖ್ಯ ಲಕ್ಷಣ ಇದೇ.

ಯುರೋಪಿನ ಬೇರುಗಳು

1651ರಲ್ಲಿ ಜಾನ್ ಪ್ಲೇಫೋರ್ಡ್ ಲಂಡನ್ನಿನಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್’ ಎಂಬ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ಕುಣಿತಗಳ ವಿವರಣೆ ಮತ್ತು ಧಾಟಿಗಳಿವೆ. ಅವುಗಳಲ್ಲಿ ಎರಡು ಸಾಲುಗಳಲ್ಲಿ ಎದುರುಬದುರಾಗಿ ನಿಲ್ಲುವ ಕುಣಿತಗಳು, ವೃತ್ತಾಕಾರದ ಕುಣಿತಗಳು ಹಾಗೂ ಎಂಟು ಜನರ ಚೌಕದ ಕುಣಿತಗಳು ಸೇರಿವೆ. ಈ ಇಂಗ್ಲಿಷ್ ಗ್ರಾಮೀಣ ನೃತ್ಯಗಳು ಫ್ರಾನ್ಸಿಗೆ ಹೋಗಿ ಅಲ್ಲಿನ ಆಸ್ಥಾನ ಸಂಸ್ಕೃತಿಯಲ್ಲಿ ಪರಿಷ್ಕಾರಗೊಂಡವು. ಹದಿನೆಂಟನೆಯ ಶತಮಾನದಲ್ಲಿ ನಾಲ್ಕು ಜೋಡಿಗಳ ‘ಕೊಟಿಲಿಯನ್’, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಐದು ಭಾಗಗಳುಳ್ಳ ‘ಕ್ವಾಡ್ರಿಲ್’ ಯುರೋಪಿನ ನಗರಗಳಲ್ಲಿ ಪ್ರಚಾರಕ್ಕೆ ಬಂದು, ಅಲ್ಲಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ನಗರಗಳನ್ನು ತಲುಪಿದವು. ಫ್ರೆಂಚ್ ಕ್ರಾಂತಿ ಮತ್ತು ಹೈಟಿಯ ಕ್ರಾಂತಿಗಳ ಕಾಲದಲ್ಲಿ ಅಮೆರಿಕಕ್ಕೆ ಬಂದ ನಿರಾಶ್ರಿತರಲ್ಲಿ ನೃತ್ಯಶಿಕ್ಷಕರೂ ಇದ್ದರು. ಸ್ಕಾಟ್ಲೆಂಡಿನ ರೀಲ್, ಐರ್ಲೆಂಡಿನ ಜಿಗ್ ಮೊದಲಾದ ಗತಿಗಳು ವಲಸಿಗರ ಪಿಟೀಲಿನೊಡನೆ ಬೆಟ್ಟಗಾಡುಗಳನ್ನು ಸೇರಿದವು.

ಈ ಮಿಶ್ರಣಕ್ಕೆ ಕರೆಗಳ ಪರಿಭಾಷೆಯೇ ಸಾಕ್ಷಿ. ‘ಡೊ-ಸಿ-ಡೊ’ ಎಂಬ ಪ್ರಸಿದ್ಧ ಕರೆಯು ಬೆನ್ನಿಗೆ ಬೆನ್ನು ಎಂಬರ್ಥದ ‘ದೊಜಾದೊ’ ಎಂಬ ಫ್ರೆಂಚ್ ಮಾತಿನ ಅಪಭ್ರಂಶ. ‘ಸ್ಯಾಶೇ’ ಎಂಬುದು ‘ಶಾಸೇ’ ಎಂಬ ಫ್ರೆಂಚ್ ನೃತ್ಯಪದದ ರೂಪಾಂತರ. ‘ಅಲೆಮ್ಯಾಂಡ್’ ಎಂದರೆ ಫ್ರೆಂಚರ ಬಾಯಲ್ಲಿ ಜರ್ಮನ್ ರೀತಿಯದು ಎಂದರ್ಥ. ಫ್ರೆಂಚ್ ಭಾಷೆಯ ಗಂಧವೂ ಇಲ್ಲದ ಕೆಂಟಕಿಯ ರೈತರು, ಕೊಲರಾಡೊದ ದನಗಾಹಿಗಳು ಈ ಪದಗಳನ್ನು ತಮ್ಮವೆಂದೇ ಬಳಸುತ್ತಿದ್ದರು. ಶಿಷ್ಟ ವರ್ಗದ ನೃತ್ಯಶಾಲೆಯಿಂದ ಹೊರಟ ವಿನ್ಯಾಸಗಳು ಜನಪದರ ಕಣದಲ್ಲಿ ನೆಲೆಗೊಂಡುದಕ್ಕೆ ಇದು ಉತ್ತಮ ನಿದರ್ಶನ. ಶಿಷ್ಟ ಮತ್ತು ಜನಪದ ಎಂಬ ವಿಭಜನೆಯನ್ನು ಇಲ್ಲಿ ಕಟ್ಟುನಿಟ್ಟಾಗಿ ಅನ್ವಯಿಸಲು ಬರುವುದಿಲ್ಲ.

ಕರೆಗಾರನ ಉಗಮ ಮತ್ತು ಆಫ್ರಿಕನ್ ಅಮೆರಿಕನ್ನರು

ಯುರೋಪಿನಲ್ಲಿ ಕೊಟಿಲಿಯನ್, ಕ್ವಾಡ್ರಿಲ್‌ಗಳನ್ನು ಕುಣಿಯುವವರು ನೃತ್ಯಶಿಕ್ಷಕರಿಂದ ಮೊದಲೇ ಕಲಿತು, ವಿನ್ಯಾಸಗಳ ಅನುಕ್ರಮವನ್ನು ಬಾಯಿಪಾಠ ಮಾಡಿಕೊಂಡು ಸಭೆಗೆ ಬರುತ್ತಿದ್ದರು. ಹಾಗಾದರೆ ಕುಣಿಯುತ್ತಿರುವಾಗಲೇ ಸೂಚನೆ ಕೂಗುವ ಪದ್ಧತಿ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಿದವರಲ್ಲಿ ಪ್ರಮುಖರು ಫಿಲ್ ಜೇಮಿಸನ್. 2015ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮುದ್ರಣಾಲಯವು ಪ್ರಕಟಿಸಿದ ‘ಹೋಡೌನ್ಸ್, ರೀಲ್ಸ್ ಅಂಡ್ ಫ್ರಾಲಿಕ್ಸ್’ ಎಂಬ ಗ್ರಂಥದಲ್ಲಿ ಅವರು ಕರೆಗಾರಿಕೆಯ ಆರಂಭವನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳ ಆಫ್ರಿಕನ್ ಅಮೆರಿಕನ್ ಸಂಗೀತಗಾರರಲ್ಲಿ ಗುರುತಿಸಿದ್ದಾರೆ. ಅತ್ಯಂತ ಹಳೆಯ ದಾಖಲೆಗಳಲ್ಲಿ ಕಾಣಸಿಗುವ ಕರೆಗಾರರು ಕಪ್ಪು ಜನಾಂಗದ ಪಿಟೀಲುವಾದಕರೇ ಆಗಿದ್ದಾರೆಂಬುದು ಅವರ ವಾದದ ತಿರುಳು.

ಈ ವಾದಕ್ಕೆ ಪೂರಕವಾದ ಹಿನ್ನೆಲೆ ಸ್ಪಷ್ಟವಾಗಿದೆ. ದಕ್ಷಿಣದ ತೋಟದ ಮನೆಗಳಲ್ಲಿ ಬಿಳಿಯ ಒಡೆಯರ ನೃತ್ಯಕೂಟಗಳಿಗೆ ಸಂಗೀತ ಒದಗಿಸುತ್ತಿದ್ದವರು ಬಹುಮಟ್ಟಿಗೆ ಗುಲಾಮರು. ಹದಿನೆಂಟನೆಯ ಶತಮಾನದ ವರ್ಜೀನಿಯದ ಪತ್ರಿಕೆಗಳಲ್ಲಿ, ತಪ್ಪಿಸಿಕೊಂಡು ಹೋದ ಗುಲಾಮರನ್ನು ಹಿಡಿದುಕೊಡುವಂತೆ ಒಡೆಯರು ಹಾಕಿಸುತ್ತಿದ್ದ ಜಾಹೀರಾತುಗಳು ಅವರ ಗುರುತುಗಳನ್ನು ಹೇಳುವಾಗ ಪಿಟೀಲು ನುಡಿಸಬಲ್ಲ ಎಂಬುದನ್ನೂ ಸೇರಿಸಿವೆ. ಉತ್ತರದ ರಾಜ್ಯಗಳಲ್ಲಿಯೂ ಸ್ವತಂತ್ರರಾಗಿದ್ದ ಕಪ್ಪು ಸಂಗೀತಗಾರರು ಈ ವೃತ್ತಿಯಲ್ಲಿದ್ದರು. ಫಿಲಡೆಲ್ಫಿಯದ ಫ್ರಾನ್ಸಿಸ್ ಜಾನ್ಸನ್ ಎಂಬ ವಾದ್ಯತಂಡದ ನಾಯಕನ ಕೊಟಿಲಿಯನ್ ಸಂಗ್ರಹವು 1818ರಲ್ಲಿಯೇ ಅಚ್ಚಾಗಿತ್ತು. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ನಾಗರಿಕ ಸಾಲೊಮನ್ ನಾರ್ಥಪ್ ಪಿಟೀಲುವಾದಕನೆಂದು ಹೆಸರಾಗಿದ್ದವನು. 1841ರಲ್ಲಿ ಆತನನ್ನು ಮೋಸದಿಂದ ಅಪಹರಿಸಿ ಗುಲಾಮಗಿರಿಗೆ ಮಾರಲಾಯಿತು. 1853ರಲ್ಲಿ ಬಿಡುಗಡೆಯಾದ ಬಳಿಕ ಪ್ರಕಟವಾದ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಎಂಬ ಆತ್ಮಕಥೆಯಲ್ಲಿ ಲೂಯಿಸಿಯಾನದ ನೃತ್ಯಕೂಟಗಳಿಗೆ ತಾನು ಪಿಟೀಲು ನುಡಿಸಿದ ಸಂಗತಿಯನ್ನು ಆತ ದಾಖಲಿಸಿದ್ದಾನೆ.

ಒಡೆಯರ ಮನೆಯಲ್ಲಿ ವಿನ್ಯಾಸಗಳನ್ನು ಕಂಡು ಅರಿತ ಈ ಸಂಗೀತಗಾರರು ತಮ್ಮ ಜನರ ಬಿಡಾರಗಳಲ್ಲಿಯೂ ಅವುಗಳನ್ನು ಕುಣಿಸಿದರು. ಅಲ್ಲಿ ಕುಣಿಯುವವರಿಗೆ ನೃತ್ಯಶಿಕ್ಷಕರ ಪಾಠ ದೊರೆಯುವಂತಿರಲಿಲ್ಲ. ನುಡಿಸುವವನೇ ಮುಂದಿನ ವಿನ್ಯಾಸವನ್ನು ಕೂಗಿ ಹೇಳುವುದು ಅನಿವಾರ್ಯವಾಯಿತು. ಒಬ್ಬನ ಕೂಗಿಗೆ ಗುಂಪು ಓಗೊಡುವ ಕ್ರಮವು ಆಫ್ರಿಕನ್ ಪರಂಪರೆಯ ಹಾಡುಗಳಲ್ಲಿ ಮೊದಲೇ ಬೇರೂರಿದ್ದುದರಿಂದ ಈ ಪದ್ಧತಿ ಸಹಜವಾಗಿ ಬೆಳೆಯಿತು. 1936ರಿಂದ 1938ರವರೆಗೆ ಸರಕಾರದ ಲೇಖಕರ ಯೋಜನೆಯಡಿಯಲ್ಲಿ ಸಂಗ್ರಹಿಸಲಾದ, ಹಿಂದೆ ಗುಲಾಮರಾಗಿದ್ದವರ ಎರಡು ಸಾವಿರಕ್ಕೂ ಹೆಚ್ಚು ನಿರೂಪಣೆಗಳಲ್ಲಿ, ಶನಿವಾರದ ರಾತ್ರಿಯ ಕೂಟಗಳು, ಪಿಟೀಲು, ಬ್ಯಾಂಜೊ ಮತ್ತು ಕರೆ ಕೂಗುವವರ ನೆನಪುಗಳು ಕಂಡುಬರುತ್ತವೆ. ಬ್ಯಾಂಜೊ ವಾದ್ಯದ ಮೂಲವೂ ಆಫ್ರಿಕವೇ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಕರೆಗಾರಿಕೆಯು ಮುಂದೆ ಬಿಳಿಯರಲ್ಲಿಯೂ ವ್ಯಾಪಕವಾಗಿ ಹರಡಿ, ಪಾಠ ಕಲಿಯದ ಹಳ್ಳಿಗರಿಗೂ ಕ್ವಾಡ್ರಿಲ್ ವಿನ್ಯಾಸಗಳು ಎಟಕುವಂತೆ ಮಾಡಿತು. ಈ ಅರ್ಥದಲ್ಲಿ ಚೌಕ ಕುಣಿತವನ್ನು ಜನಸಾಮಾನ್ಯರ ಸೊತ್ತಾಗಿಸಿದ ಸಾಧನವೇ ಆಫ್ರಿಕನ್ ಅಮೆರಿಕನ್ನರ ಕೊಡುಗೆ.

ಗ್ರಾಮಜೀವನದಲ್ಲಿ ಕುಣಿತ

ಹತ್ತೊಂಬತ್ತನೆಯ ಶತಮಾನದ ಗ್ರಾಮೀಣ ಅಮೆರಿಕದಲ್ಲಿ ಚೌಕ ಕುಣಿತವು ದುಡಿಮೆಯೊಡನೆ ಹೆಣೆದುಕೊಂಡಿತ್ತು. ಹೊಸ ಕೊಟ್ಟಿಗೆಯನ್ನು ಎತ್ತಿ ನಿಲ್ಲಿಸುವುದು, ಮುಸುಕಿನ ಜೋಳದ ತೆನೆ ಸುಲಿಯುವುದು, ಹೆಂಗಸರು ಸೇರಿ ಕೌದಿ ಹೊಲಿಯುವುದು ಮುಂತಾದ ಕೆಲಸಗಳಿಗೆ ನೆರೆಹೊರೆಯವರು ಒಟ್ಟುಗೂಡುತ್ತಿದ್ದರು. ಹಗಲಿನ ದುಡಿಮೆಗೆ ಕೂಲಿಯಿರಲಿಲ್ಲ. ರಾತ್ರಿಯ ಊಟ ಮತ್ತು ಕುಣಿತವೇ ಪ್ರತಿಫಲ. ಮನೆಯ ಅಡುಗೆಕೋಣೆಯ ಸಾಮಾನುಗಳನ್ನು ಹೊರಗಿಟ್ಟು ಅಲ್ಲಿಯೇ ಕುಣಿಯುತ್ತಿದ್ದುದುಂಟು. ಪಶ್ಚಿಮದ ಹೊಸ ವಸಾಹತುಗಳಲ್ಲಿ ಹೆಂಗಸರ ಸಂಖ್ಯೆ ಕಡಿಮೆಯಿದ್ದಾಗ, ಕೆಲವು ಗಂಡಸರು ತೋಳಿಗೆ ಕರವಸ್ತ್ರ ಕಟ್ಟಿಕೊಂಡು ಹೆಣ್ಣಿನ ಪಾತ್ರದಲ್ಲಿ ಚೌಕವನ್ನು ತುಂಬುತ್ತಿದ್ದರು.

ಈ ಕುಣಿತಕ್ಕೆ ವಿರೋಧವೂ ಇತ್ತು. ಅನೇಕ ಪ್ರಾಟೆಸ್ಟಂಟ್ ಪಂಥಗಳು ಕುಣಿತವನ್ನು ಪಾಪವೆಂದೂ ಪಿಟೀಲನ್ನು ಸೈತಾನನ ವಾದ್ಯವೆಂದೂ ಬಗೆದಿದ್ದವು. ಇದರ ಪರಿಣಾಮವಾಗಿ ‘ಪ್ಲೇ ಪಾರ್ಟಿ’ ಎಂಬ ಹೊಸ ಪ್ರಕಾರವೊಂದು ರೂಪುಗೊಂಡಿತು. ಇಲ್ಲಿ ವಾದ್ಯವಿಲ್ಲ, ಕರೆಗಾರನಿಲ್ಲ. ಯುವಕ ಯುವತಿಯರು ತಾವೇ ಹಾಡಿಕೊಳ್ಳುತ್ತ ಆಟದ ಹೆಸರಿನಲ್ಲಿ ಅದೇ ವಿನ್ಯಾಸಗಳನ್ನು ನಡೆಸುತ್ತಿದ್ದರು. ನಿಷೇಧವು ಕಲೆಯನ್ನು ಅಳಿಸುವ ಬದಲು ಅದಕ್ಕೆ ಮತ್ತೊಂದು ರೂಪವನ್ನು ಕೊಟ್ಟಿತು.

ಪ್ರಾದೇಶಿಕ ಭೇದಗಳೂ ಇದೇ ಕಾಲದಲ್ಲಿ ಸ್ಪಷ್ಟವಾದವು. ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಕ್ವಾಡ್ರಿಲ್ ಹಾಗೂ ಎರಡು ಸಾಲುಗಳ ‘ಕಾಂಟ್ರಾ’ ಕುಣಿತಗಳು ಜೊತೆಜೊತೆಯಾಗಿ ಉಳಿದವು. ದಕ್ಷಿಣ ಅಪಲೇಚಿಯನ್ ಬೆಟ್ಟಗಳಲ್ಲಿ ಎಷ್ಟು ಜೋಡಿಗಳಾದರೂ ಸೇರಬಹುದಾದ ದೊಡ್ಡ ವೃತ್ತದ ಕುಣಿತ ಪ್ರಬಲವಾಯಿತು.

‘ಶುದ್ಧ ಮೂಲ’ದ ಶೋಧ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರಗಳ ವಿದ್ಯಾವಂತರು ಈ ಕುಣಿತವನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. ಇಂಗ್ಲೆಂಡಿನ ಜನಪದ ಸಂಗ್ರಾಹಕ ಸೆಸಿಲ್ ಶಾರ್ಪ್, ಮಾಡ್ ಕಾರ್ಪೆಲಿಸ್ ಅವರ ಸಹಕಾರದೊಡನೆ 1916ರಿಂದ 1918ರವರೆಗೆ ಅಪಲೇಚಿಯನ್ ಬೆಟ್ಟಗಳಲ್ಲಿ ಲಾವಣಿಗಳನ್ನು ಸಂಗ್ರಹಿಸಿದರು. 1917ರಲ್ಲಿ ಕೆಂಟಕಿಯ ಪೈನ್ ಮೌಂಟನ್ ಶಾಲೆಯಲ್ಲಿ ಅವರು ಕಂಡ ಕುಣಿತವೊಂದನ್ನು ‘ರನ್ನಿಂಗ್ ಸೆಟ್’ ಎಂದು ಹೆಸರಿಸಿ, 1918ರಲ್ಲಿ ಪ್ರಕಟವಾದ ‘ದಿ ಕಂಟ್ರಿ ಡ್ಯಾನ್ಸ್ ಬುಕ್’ ಮಾಲೆಯ ಐದನೆಯ ಭಾಗದಲ್ಲಿ ವಿವರಿಸಿದರು. ಪ್ಲೇಫೋರ್ಡ್ ಗ್ರಂಥದ ನೃತ್ಯಗಳಲ್ಲಿ ಕಾಣುವ ವಂದನೆಯ ಉಪಚಾರಗಳು ಇದರಲ್ಲಿ ಇಲ್ಲವಾದ್ದರಿಂದ ಇದು ಆ ನೃತ್ಯಗಳಿಗಿಂತಲೂ ಪ್ರಾಚೀನವಾದ, ಇಂಗ್ಲೆಂಡಿನಲ್ಲಿ ಅಳಿದುಹೋದ ಘಟ್ಟವೊಂದರ ಅವಶೇಷ ಎಂಬುದು ಅವರ ನಿರ್ಣಯವಾಗಿತ್ತು.

ಈ ನಿರ್ಣಯ ದೀರ್ಘಕಾಲ ಪ್ರಮಾಣವೆಂದು ಸ್ವೀಕೃತವಾಯಿತು. ಆದರೆ ಒಂದು ಲಕ್ಷಣದ ಅಭಾವದಿಂದ ಪ್ರಾಚೀನತೆಯನ್ನು ಸಾಧಿಸುವ ಕ್ರಮವೇ ಶಿಥಿಲವಾದುದು. ಬಿಟ್ಟುಹೋದ ಉಪಚಾರವು ಎಂದೂ ಇಲ್ಲದಿದ್ದಿರಬಹುದು, ಕಾಲಕ್ರಮದಲ್ಲಿ ಉದುರಿಹೋಗಿರಲೂಬಹುದು. ಜೇಮಿಸನ್ ಮುಂತಾದ ಸಂಶೋಧಕರು ತೋರಿಸಿಕೊಟ್ಟಿರುವಂತೆ, ಬೆಟ್ಟಗಾಡಿನ ಈ ಕುಣಿತವು ಬ್ರಿಟಿಷ್ ದ್ವೀಪಗಳ ರೀಲ್, ಫ್ರೆಂಚ್ ಕೊಟಿಲಿಯನ್ ಮತ್ತು ಆಫ್ರಿಕನ್ ಅಮೆರಿಕನ್ ಕರೆಗಾರಿಕೆಗಳು ಅಮೆರಿಕದ ನೆಲದಲ್ಲಿಯೇ ಬೆರೆತು ಹುಟ್ಟಿದ್ದು. ಶಾರ್ಪ್ ಅವರು ಕಂಡ ವಿನ್ಯಾಸಗಳನ್ನು ನಿಷ್ಠೆಯಿಂದ ದಾಖಲಿಸಿದರು. ಆ ದಾಖಲೆಯ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಬೆಟ್ಟದ ಜನರನ್ನು ಹೊರಜಗತ್ತಿನ ಸೋಂಕಿಲ್ಲದ ಇಂಗ್ಲಿಷ್ ಪರಂಪರೆಯ ವಾರಸುದಾರರೆಂದು ಭಾವಿಸಿದ್ದರಿಂದ, ಕಣ್ಣೆದುರಿಗಿದ್ದ ಕರೆಗಾರನ ಮೂಲವನ್ನು ಅವರು ವಿಚಾರಿಸಲಿಲ್ಲ.

ಫೋರ್ಡ್ ಮತ್ತು ಪುನರುಜ್ಜೀವನದ ರಾಜಕಾರಣ

1920ರ ದಶಕದಲ್ಲಿ ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಹಳೆಯ ನೃತ್ಯಗಳ ಪುನರುಜ್ಜೀವನಕ್ಕೆ ಕೈಹಾಕಿದರು. 1923ರಲ್ಲಿ ಮ್ಯಾಸಚೂಸೆಟ್ಸ್‌ನ ಸಡ್‌ಬರಿಯಲ್ಲಿರುವ ವೇಸೈಡ್ ಇನ್ ಎಂಬ ಹಳೆಯ ವಸತಿಗೃಹವನ್ನು ಅವರು ಕೊಂಡರು. ಅಲ್ಲಿ ಪರಿಚಯವಾದ ನೃತ್ಯಶಿಕ್ಷಕ ಬೆಂಜಮಿನ್ ಲವೆಟ್ ಅವರನ್ನು ಮಿಷಿಗನ್ನಿನ ಡಿಯರ್‌ಬಾರ್ನ್‌ಗೆ ಕರೆತಂದು, ಸಂಸ್ಥೆಯ ಅಧಿಕಾರಿಗಳಿಗೂ ಶಾಲಾ ಮಕ್ಕಳಿಗೂ ಪಾಠ ಹೇಳಿಸಿದರು. 1926ರಲ್ಲಿ ‘ಗುಡ್ ಮಾರ್ನಿಂಗ್’ ಎಂಬ ಕೈಪಿಡಿ ಹೊರಬಂತು. 1937ರಲ್ಲಿ ಲವೆಟ್ ಹೆಸರಿನಲ್ಲಿಯೇ ಒಂದು ನೃತ್ಯಮಂದಿರವನ್ನು ಕಟ್ಟಿಸಲಾಯಿತು.

ಈ ಉತ್ಸಾಹದ ಹಿಂದೆ ಹಳೆಯದರ ಮೇಲಿನ ಪ್ರೀತಿಯ ಜೊತೆಗೆ ಬೇರೊಂದು ಪ್ರೇರಣೆಯೂ ಇತ್ತು. ಫೋರ್ಡ್ ಒಡೆತನದ ‘ಡಿಯರ್‌ಬಾರ್ನ್ ಇಂಡಿಪೆಂಡೆಂಟ್’ ಪತ್ರಿಕೆಯು 1920ರಿಂದ ಯೆಹೂದ್ಯರ ವಿರುದ್ಧ ದ್ವೇಷಪೂರಿತ ಲೇಖನಮಾಲೆಯನ್ನು ಪ್ರಕಟಿಸಿತು. ಆಗ ಜನಪ್ರಿಯವಾಗುತ್ತಿದ್ದ ಜಾಜ್ ಸಂಗೀತವನ್ನು ಅನೈತಿಕವೆಂದೂ ಯೆಹೂದ್ಯರ ಕುತಂತ್ರವೆಂದೂ ಅದು ಹಳಿಯಿತು. ಆಫ್ರಿಕನ್ ಅಮೆರಿಕನ್ನರ ಸಂಗೀತವಾದ ಜಾಜ್‌ಗೆ ಪರ್ಯಾಯವಾಗಿ ಹಳೆಯ ‘ಸಭ್ಯ’ ನೃತ್ಯಗಳನ್ನು ಮುಂದಿಡಲಾಯಿತು. ಆಫ್ರಿಕನ್ ಅಮೆರಿಕನ್ ಪಿಟೀಲುವಾದಕರು ಕಟ್ಟಿಕೊಟ್ಟ ಕರೆಗಾರಿಕೆಯನ್ನು ಒಳಗೊಂಡ ಕುಣಿತವು ಬಿಳಿಯರ ಸಂಸ್ಕೃತಿಯ ಲಾಂಛನವಾಗಿ ಬಳಕೆಯಾದುದು ಚರಿತ್ರೆಯ ವಿಪರ್ಯಾಸ.

ಈ ಸಂಗತಿಯನ್ನು ಆಧರಿಸಿ ಶಾಲೆಗಳಲ್ಲಿ ಚೌಕ ಕುಣಿತದ ಪಾಠವೆಲ್ಲ ಫೋರ್ಡ್ ಅವರ ಜನಾಂಗೀಯ ಯೋಜನೆಯ ಫಲವೆಂದು ಹೇಳುವ ಲೇಖನಗಳು ಇತ್ತೀಚಿನ ವರ್ಷಗಳಲ್ಲಿ ಪ್ರಕಟವಾಗಿವೆ. ಇದು ಅತಿಸರಳೀಕರಣ. ಫೋರ್ಡ್‌ಗಿಂತ ಮುಂಚೆಯೇ ಎಲಿಜಬೆತ್ ಬರ್ಚೆನಲ್ ಅವರಂತಹ ಶಿಕ್ಷಣತಜ್ಞೆಯರು ನಗರದ ಮಕ್ಕಳ ಆರೋಗ್ಯ ಮತ್ತು ಸಂತೋಷಕ್ಕಾಗಿ ಹಲವು ದೇಶಗಳ ಜನಪದ ನೃತ್ಯಗಳನ್ನು ಶಾಲೆಗಳಿಗೆ ತಂದಿದ್ದರು. ಅವರ ‘ಅಮೆರಿಕನ್ ಕಂಟ್ರಿ ಡ್ಯಾನ್ಸಸ್’ 1918ರಲ್ಲಿಯೇ ಪ್ರಕಟವಾಗಿತ್ತು. ಉತ್ತರ ಕರೊಲಿನದ ಆಶ್ವಿಲ್‌ನಲ್ಲಿ ಬ್ಯಾಸ್ಕಮ್ ಲಮಾರ್ ಲನ್ಸ್‌ಫರ್ಡ್ 1928ರಲ್ಲಿ ಆರಂಭಿಸಿದ ಬೆಟ್ಟದ ನೃತ್ಯ ಮತ್ತು ಜನಪದ ಉತ್ಸವವು ಸ್ಥಳೀಯ ತಂಡಗಳಿಗೆ ವೇದಿಕೆಯಾಯಿತು. ಅದೇ ರಾಜ್ಯದ ಸೋಕೊ ಗ್ಯಾಪ್ ತಂಡವು 1939ರಲ್ಲಿ ಶ್ವೇತಭವನದಲ್ಲಿ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ದಂಪತಿಗಳ ಮುಂದೆ ಕುಣಿಯಿತು. ಪುನರುಜ್ಜೀವನಕ್ಕೆ ಹಲವು ಕೈಗಳಿದ್ದವು, ಉದ್ದೇಶಗಳೂ ಹಲವಾಗಿದ್ದವು.

ಕ್ಲಬ್ಬುಗಳ ಯುಗ ಮತ್ತು ಏಕರೂಪತೆ

ಕೊಲರಾಡೊ ಸ್ಪ್ರಿಂಗ್ಸ್‌ನ ಷೈಯೆನ್ ಮೌಂಟನ್ ಶಾಲೆಯ ಮುಖ್ಯಸ್ಥರಾಗಿದ್ದ ಲಾಯ್ಡ್ ಷಾ ಅವರು ಪಶ್ಚಿಮದ ಹಳೆಯ ಕರೆಗಾರರಿಂದ ವಿನ್ಯಾಸಗಳನ್ನು ಸಂಗ್ರಹಿಸಿ 1939ರಲ್ಲಿ ‘ಕೌಬಾಯ್ ಡ್ಯಾನ್ಸಸ್’ ಎಂಬ ಗ್ರಂಥವನ್ನು ಹೊರತಂದರು. ಅವರ ವಿದ್ಯಾರ್ಥಿಗಳ ತಂಡ ದೇಶದಾದ್ಯಂತ ಪ್ರದರ್ಶನ ನೀಡಿತು. ಬೇಸಿಗೆ ಶಿಬಿರಗಳಲ್ಲಿ ಶಿಕ್ಷಕರು, ಕರೆಗಾರರು ತರಬೇತಿ ಪಡೆದರು. ಎರಡನೆಯ ಮಹಾಯುದ್ಧದ ಅನಂತರ ಉಪನಗರಗಳಲ್ಲಿ ಈ ಕುಣಿತಕ್ಕೆ ಅಭೂತಪೂರ್ವ ಜನಪ್ರಿಯತೆ ದೊರೆಯಿತು. 1948ರಲ್ಲಿ ಲಾಸ್ ಏಂಜಲಿಸ್‌ನಿಂದ ಬಾಬ್ ಆಸ್‌ಗುಡ್ ಸಂಪಾದಕತ್ವದ ‘ಸೆಟ್ಸ್ ಇನ್ ಆರ್ಡರ್’ ಮಾಸಪತ್ರಿಕೆ ಆರಂಭವಾಯಿತು. 1952ರಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು.

ಈ ಬೆಳವಣಿಗೆಯಲ್ಲಿ ತಂತ್ರಜ್ಞಾನದ ಪಾತ್ರ ಹಿರಿದು. ಬರಿಯ ಕೊರಳಿನಿಂದ ಕೂಗುತ್ತಿದ್ದ ಕಾಲದಲ್ಲಿ ಕರೆಗಾರನಿಗೆ ಕೆಲವೇ ಚೌಕಗಳನ್ನು ನಡೆಸಲು ಸಾಧ್ಯವಿತ್ತು. ಧ್ವನಿವರ್ಧಕ ಬಂದ ಮೇಲೆ ನೂರಾರು ಜನರನ್ನು ಒಮ್ಮೆಗೇ ನಡೆಸಬಹುದಾಯಿತು. ಗ್ರಾಮಫೋನ್ ತಟ್ಟೆಗಳು ಊರಿನ ಪಿಟೀಲುವಾದಕನ ಸ್ಥಾನವನ್ನು ಆಕ್ರಮಿಸಿದವು. ಕರೆಗಾರರು ಊರಿಂದೂರಿಗೆ ಸಂಚರಿಸತೊಡಗಿದರು, ಕುಣಿಯುವವರೂ ದೂರದ ಊರುಗಳಿಗೆ ಹೋಗತೊಡಗಿದರು. ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿದ್ದ ಕರೆಗಳಿಗೆ ಏಕರೂಪತೆಯನ್ನು ತರಬೇಕಾದ ಅಗತ್ಯ ಇದರಿಂದ ಉಂಟಾಯಿತು. 1974ರಲ್ಲಿ ಕಾರ್ಯಾರಂಭ ಮಾಡಿದ ‘ಕಾಲರ್‌ಲ್ಯಾಬ್’ ಎಂಬ ಕರೆಗಾರರ ಸಂಘವು ಕರೆಗಳ ವ್ಯಾಖ್ಯೆಗಳನ್ನು ನಿಗದಿಗೊಳಿಸಿ, ಮೇನ್‌ಸ್ಟ್ರೀಮ್, ಪ್ಲಸ್, ಅಡ್ವಾನ್ಸ್ಡ್, ಚಾಲೆಂಜ್ ಎಂಬ ಹಂತಗಳನ್ನು ಏರ್ಪಡಿಸಿತು. ಕರೆಗಳು ಎಲ್ಲೆಡೆ ಇಂಗ್ಲಿಷಿನಲ್ಲಿಯೇ ಇರುವುದರಿಂದ, ಜಪಾನಿನಲ್ಲಿ ಕಲಿತವರು ಜರ್ಮನಿಯ ಕ್ಲಬ್ಬಿನಲ್ಲಿಯೂ ಕುಣಿಯಬಲ್ಲರು.

ಏಕರೂಪತೆಯ ಲಾಭಗಳು ನಿಜವಾದರೂ ಅದಕ್ಕೆ ಬೆಲೆ ತೆರಬೇಕಾಯಿತು. ನೋಡಿಯೇ ಕಲಿಯಬಹುದಾಗಿದ್ದ ಕುಣಿತಕ್ಕೆ ತಿಂಗಳುಗಟ್ಟಲೆ ತರಗತಿ ಅಗತ್ಯವಾಯಿತು. ಒಮ್ಮೆಗೇ ನಾಲ್ಕೂ ಜೋಡಿಗಳು ಚಲಿಸುವ ಸಂಕೀರ್ಣ ವಿನ್ಯಾಸಗಳು ಬಂದಂತೆ ಬಾರದವನನ್ನು ನಾಲ್ಕನೆಯ ಜೋಡಿಯಾಗಿ ನಿಲ್ಲಿಸಿಕೊಳ್ಳುವ ಅವಕಾಶ ಇಲ್ಲವಾಯಿತು. ನೆರೆಹೊರೆಯ ಕುಣಿತವು ಸದಸ್ಯರ ಹವ್ಯಾಸವಾಗಿ ಮಾರ್ಪಟ್ಟಿತು. 1980ರ ದಶಕದ ಬಳಿಕ ಕ್ಲಬ್ಬುಗಳು ಕ್ಷೀಣಿಸುತ್ತ ಬಂದುದಕ್ಕೆ ಈ ಪ್ರವೇಶದ ಕಷ್ಟವೂ ಒಂದು ಕಾರಣವೆಂದು ಕರೆಗಾರರೇ ಚರ್ಚಿಸಿದ್ದಾರೆ.

ಕೆನಡಾ ಮತ್ತು ಮೂಲನಿವಾಸಿ ಸಮುದಾಯಗಳು

ಅಮೆರಿಕ ಸಂಯುಕ್ತ ಸಂಸ್ಥಾನವನ್ನಷ್ಟೇ ನೋಡಿದರೆ ಚೌಕ ಕುಣಿತದ ಚರಿತ್ರೆ ಅಪೂರ್ಣವಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ‘ಸೆಟ್ ಕಾರೇ’ ಎಂಬ ಹೆಸರಿನಲ್ಲಿ ಇದು ಪ್ರಚಲಿತವಾಗಿದೆ. ಕರೆಗಾರನನ್ನು ಸೂಚಿಸುವ ಅಲ್ಲಿನ ‘ಕಾಲರ್’ ಎಂಬ ಮಾತು ಇಂಗ್ಲಿಷಿನಿಂದ ಫ್ರೆಂಚಿಗೆ ಬಂದುದು. ಫ್ರೆಂಚ್ ಪದಗಳು ಇಂಗ್ಲಿಷ್ ಕರೆಗಳಾದಂತೆ, ಇಂಗ್ಲಿಷ್ ಪದಗಳು ಫ್ರೆಂಚರ ಕುಣಿತದಲ್ಲಿ ಸೇರಿಕೊಂಡವು. ಪೂರ್ವ ಕೆನಡಾದ ಕ್ವಾಡ್ರಿಲ್ ಮತ್ತು ಕೊಟಿಲಿಯನ್‌ಗಳನ್ನು ಕುರಿತು ಸಿಮೋನ್ ವ್ವಾಯೆ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಆಕರಗ್ರಂಥ. ಇಂಗ್ಲಿಷ್ ಭಾಷಿಕ ಕೆನಡಾದಲ್ಲಿ ಹ್ಯಾಲಿಫ್ಯಾಕ್ಸ್‌ನ ಪಿಟೀಲುವಾದಕ ಡಾನ್ ಮೆಸ್ಸರ್ ಅವರ ದೂರದರ್ಶನ ಕಾರ್ಯಕ್ರಮವು ಈ ಸಂಗೀತ ಮತ್ತು ಕುಣಿತಗಳನ್ನು ಮನೆಮನೆಗೆ ತಲುಪಿಸಿತ್ತು. 1969ರಲ್ಲಿ ಅದನ್ನು ನಿಲ್ಲಿಸಿದಾಗ ಸಂಸತ್ತಿನಲ್ಲಿಯೂ ಪ್ರಶ್ನೆಗಳೆದ್ದವು.

ಮೂಲನಿವಾಸಿ ಸಮುದಾಯಗಳ ಪಾಲು ಇನ್ನೂ ಕುತೂಹಲಕರವಾದುದು. ತುಪ್ಪುಳದ ಚರ್ಮದ ವ್ಯಾಪಾರಕ್ಕೆ ಬಂದ ಫ್ರೆಂಚ್ ಹಾಗೂ ಸ್ಕಾಟಿಷ್ ಗಂಡಸರು ಮತ್ತು ಕ್ರೀ, ಒಜಿಬ್ವೆ ಮೊದಲಾದ ಬುಡಕಟ್ಟುಗಳ ಹೆಂಗಸರ ಸಂತತಿಯಾಗಿ ರೂಪುಗೊಂಡ ಮೇಟಿ ಜನಾಂಗವು ಪಿಟೀಲನ್ನೂ ಚೌಕ ಕುಣಿತವನ್ನೂ ತನ್ನದಾಗಿಸಿಕೊಂಡಿತು. ವೇಗವಾದ ಪಾದಗತಿಯನ್ನು ಚೌಕದ ವಿನ್ಯಾಸಗಳೊಡನೆ ಬೆಸೆದುದು ಅವರ ವೈಶಿಷ್ಟ್ಯ. ಹಡ್ಸನ್ಸ್ ಬೇ ಕಂಪನಿಯು 1847ರಲ್ಲಿ ಸ್ಥಾಪಿಸಿದ ಫೋರ್ಟ್ ಯೂಕಾನ್ ಕೋಠಿಯ ನೌಕರರಿಂದ ಪಿಟೀಲು ಮತ್ತು ಕುಣಿತಗಳು ಅಲಾಸ್ಕದ ಗ್ವಿಚಿನ್ ಜನರನ್ನು ತಲುಪಿದವು. ಕ್ರೇಗ್ ಮಿಶ್ಲರ್ ಅವರು 1993ರಲ್ಲಿ ಪ್ರಕಟಿಸಿದ ‘ದಿ ಕ್ರುಕೆಡ್ ಸ್ಟವ್‌ಪೈಪ್’ ಎಂಬ ಗ್ರಂಥವು ಈ ಪರಂಪರೆಯನ್ನು ವಿಸ್ತಾರವಾಗಿ ಪರಿಚಯಿಸುತ್ತದೆ. 1983ರಿಂದ ಫೇರ್‌ಬ್ಯಾಂಕ್ಸ್ ನಗರದಲ್ಲಿ ನಡೆಯುತ್ತ ಬಂದ ಅಥಬಾಸ್ಕನ್ ಪಿಟೀಲು ಉತ್ಸವವು ದೂರದ ಹಳ್ಳಿಗಳ ವಾದಕರನ್ನು ಒಂದೆಡೆ ಸೇರಿಸಿತು. ಹೊರಗಿನಿಂದ ಬಂದ ಕಲೆಯನ್ನು ಒಂದು ಸಮುದಾಯ ತಲೆಮಾರುಗಳ ಕಾಲ ಬಾಳಿಸಿದ ಮೇಲ

ೆ ಅದು ಆ ಸಮುದಾಯದ್ದೇ ಜನಪದ ಕಲೆ ಎಂಬುದಕ್ಕೆ ಗ್ವಿಚಿನ್ ಜನರ ಕುಣಿತ ನಿದರ್ಶನವಾಗಿದೆ.

ಶಾಸನದ ಮನ್ನಣೆ ಮತ್ತು ಒಡೆತನದ ಪ್ರಶ್ನೆ

ಈ ಹಿನ್ನೆಲೆಯಲ್ಲಿ 1982ರ ಶಾಸನವನ್ನು ನೋಡಬೇಕು. ಅವಧಿ ಮುಗಿದ ಮೇಲೆ ಶಾಶ್ವತ ಮನ್ನಣೆಗಾಗಿ ಕ್ಲಬ್ಬುಗಳ ಸಂಘಟನೆಗಳು ಒತ್ತಾಯಿಸಿದವು. 1984ರಲ್ಲಿ ಪ್ರತಿನಿಧಿ ಸಭೆಯ ಉಪಸಮಿತಿಯೊಂದರ ಮುಂದೆ ವಿಚಾರಣೆ ನಡೆದಾಗ, ಹಲವು ಜನಾಂಗಗಳ ದೇಶದಲ್ಲಿ ಒಂದೇ ಕುಣಿತವನ್ನು ರಾಷ್ಟ್ರದ ಜನಪದ ನೃತ್ಯವೆಂದು ಎತ್ತಿ ಹಿಡಿಯುವುದು ಉಳಿದವುಗಳಿಗೆ ಅನ್ಯಾಯವೆಂದು ಜಾನಪದ ವಿದ್ವಾಂಸರು ವಾದಿಸಿದರು. ಮಸೂದೆ ಅಂಗೀಕಾರವಾಗಲಿಲ್ಲ. ಆಗ ಚಳವಳಿ ರಾಜ್ಯಗಳತ್ತ ತಿರುಗಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಚೌಕ ಕುಣಿತವನ್ನು ತಮ್ಮ ಅಧಿಕೃತ ನೃತ್ಯ ಅಥವಾ ಜನಪದ ನೃತ್ಯವೆಂದು ಸ್ವೀಕರಿಸಿವೆ. ಎಲ್ಲ ರಾಜ್ಯಗಳೂ ಹೀಗೆ ಮಾಡಲಿಲ್ಲ. ವಿಸ್ಕಾನ್ಸಿನ್ 1993ರಲ್ಲಿ ಪೋಲ್ಕಾ ನೃತ್ಯವನ್ನೂ ಹವಾಯಿ 1999ರಲ್ಲಿ ಹೂಲಾವನ್ನೂ ಆರಿಸಿಕೊಂಡವು.

ಇದೇ 1982ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾನಿಧಿಯು ಜನಪದ ಕಲಾವಿದರಿಗೆ ‘ನ್ಯಾಷನಲ್ ಹೆರಿಟೇಜ್ ಫೆಲೋಶಿಪ್’ ನೀಡಲು ಆರಂಭಿಸಿದುದನ್ನು ಇದರೊಡನೆ ಹೋಲಿಸಬಹುದು. ಮೊದಲ ವರ್ಷದ ಪುರಸ್ಕೃತರಲ್ಲಿ ಉತ್ತರ ಕರೊಲಿನದ ಪಿಟೀಲುವಾದಕ ಟಾಮಿ ಜ್ಯಾರೆಲ್, ಆಫ್ರಿಕನ್ ಅಮೆರಿಕನ್ ಗಾಯಕಿ ಬೆಸ್ಸಿ ಜೋನ್ಸ್, ಮೆಕ್ಸಿಕನ್ ಅಮೆರಿಕನ್ ಗಾಯಕಿ ಲಿಡಿಯಾ ಮೆಂಡೋಜ ಒಟ್ಟಿಗೇ ಇದ್ದರು. ಶಾಸನವು ಒಂದು ರೂಪವನ್ನು ಆರಿಸಿ ಅದಕ್ಕೆ ರಾಷ್ಟ್ರದ ಹೆಸರಿಟ್ಟರೆ, ಪುರಸ್ಕಾರವು ಹಲವು ಪರಂಪರೆಗಳ ವ್ಯಕ್ತಿಗಳನ್ನು ಅವರವರ ಹೆಸರಿನಿಂದಲೇ ಗುರುತಿಸಿತು. ಒಂದೇ ವರ್ಷ, ಒಂದೇ ಸರಕಾರ. ಜಾನಪದವನ್ನು ಕುರಿತ ಎರಡು ಭಿನ್ನ ದೃಷ್ಟಿಗಳು.

ಉತ್ತರ ಕರೊಲಿನದ ಮೆಬೇನ್‌ನ ಪಿಟೀಲುವಾದಕ ಜೋ ಥಾಮ್ಸನ್ (1918–2012) ಅವರ ಜೀವನ ಈ ಸಂದರ್ಭದಲ್ಲಿ ಉಲ್ಲೇಖನೀಯ. ಆಫ್ರಿಕನ್ ಅಮೆರಿಕನ್ ಸಮುದಾಯದ ಚೌಕ ಕುಣಿತಗಳಿಗೆ ಬಾಲ್ಯದಿಂದಲೇ ನುಡಿಸುತ್ತಿದ್ದ ಅವರು, ಆ ಕೂಟಗಳು ಮಹಾಯುದ್ಧದ ಬಳಿಕ ನಿಂತುಹೋದ ಮೇಲೂ ವಾದನವನ್ನು ಉಳಿಸಿಕೊಂಡರು. 2007ರಲ್ಲಿ ಅವರಿಗೆ ಮೇಲೆ ಹೇಳಿದ ರಾಷ್ಟ್ರೀಯ ಪುರಸ್ಕಾರ ದೊರೆಯಿತು. ಅವರಿಂದ ಕಲಿತ ಯುವ ಕಪ್ಪು ಸಂಗೀತಗಾರರ ‘ಕರೊಲಿನ ಚಾಕಲೇಟ್ ಡ್ರಾಪ್ಸ್’ ತಂಡವು 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಮರೆತುಹೋಗಿದ್ದ ಬೇರೊಂದು ಮತ್ತೆ ಸಾರ್ವಜನಿಕರ ಕಣ್ಣಿಗೆ ಬಿದ್ದುದು ಹೀಗೆ. ಇನ್ನೊಂದೆಡೆ 1983ರಲ್ಲಿ ರೂಪುಗೊಂಡ ಸಲಿಂಗಿಗಳ ಚೌಕ ಕುಣಿತ ಕ್ಲಬ್ಬುಗಳ ಅಂತಾರಾಷ್ಟ್ರೀಯ ಸಂಘವು ಗಂಡು ಹೆಣ್ಣಿನ ಸ್ಥಾನಗಳನ್ನು ಯಾರು ಬೇಕಾದರೂ ಕುಣಿಯಬಹುದೆಂಬ ಪದ್ಧತಿಯನ್ನು ಬೆಳೆಸಿತು.

ಸಮಾರೋಪ

ಚೌಕ ಕುಣಿತದ ಚರಿತ್ರೆಯು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುವ ಅಗತ್ಯವನ್ನು ತೋರಿಸುತ್ತದೆ. ಕುಣಿತದ ರೂಪ ಒಂದು, ಅದು ನಡೆಯುತ್ತಿದ್ದ ಸಂದರ್ಭ ಇನ್ನೊಂದು, ಅದಕ್ಕೆ ಇಟ್ಟ ಹೆಸರು ಮತ್ತೊಂದು. ರೂಪವು ಹಲವು ಜನಾಂಗಗಳ ನಡುವೆ ಸಂಚರಿಸಿ ಬೆಳೆಯಿತು. ದುಡಿಮೆ ಮತ್ತು ನೆರೆಹೊರೆಯ ಸಂದರ್ಭವು ಕಳಚಿದ ಮೇಲೆ ಅದು ಶಾಲೆ, ಕ್ಲಬ್ಬು, ವೇದಿಕೆಗಳನ್ನು ಆಶ್ರಯಿಸಿತು. ಇಂಗ್ಲಿಷ್ ಅವಶೇಷ, ಸಭ್ಯರ ನೃತ್ಯ, ದನಗಾಹಿಗಳ ಕುಣಿತ, ರಾಷ್ಟ್ರೀಯ ನೃತ್ಯ ಎಂಬ ಹೆಸರುಗಳು ಆಯಾ ಕಾಲದ ಪುನರುಜ್ಜೀವಕರ ಅಪೇಕ್ಷೆಗಳಿಗೆ ಅನುಗುಣವಾಗಿ ಬಂದವು. ಹೆಸರನ್ನೇ ಮೂಲವೆಂದು ಭಾವಿಸಿದಾಗ ಕರೆಗಾರನ ಜನಾಂಗ ಮರೆಯಾಯಿತು.

ಇಲ್ಲಿ ಗ್ರಂಥಾಲಯಗಳಿಗೂ ಪತ್ರಾಗಾರಗಳಿಗೂ ಸಂಬಂಧಪಟ್ಟ ವಿಚಾರವೊಂದಿದೆ. ನೃತ್ಯಶಿಕ್ಷಕರ ಕೈಪಿಡಿಗಳನ್ನು ಮಾತ್ರ ಆಧರಿಸಿದ್ದರೆ ಚೌಕ ಕುಣಿತವು ಯುರೋಪಿನ ಕಲೆಯೆಂದೇ ತೀರ್ಮಾನವಾಗುತ್ತಿತ್ತು. ಏಕೆಂದರೆ ಕೈಪಿಡಿ ಬರೆದವರು, ಕೊಂಡವರು ಒಂದು ವರ್ಗದವರು. ತಪ್ಪಿಸಿಕೊಂಡ ಗುಲಾಮನ ಗುರುತು ಹೇಳುವ ಜಾಹೀರಾತು, ವೃದ್ಧರ ಬಾಯಿಂದ ಬರೆದುಕೊಂಡ ನಿರೂಪಣೆ, ಗ್ವಿಚಿನ್ ಹಳ್ಳಿಯ ಕ್ಷೇತ್ರಕಾರ್ಯದ ಧ್ವನಿಮುದ್ರಣ ಇವು ಯಾವುವೂ ನೃತ್ಯದ ಚರಿತ್ರೆಗೆಂದು ಸಿದ್ಧವಾದ ಆಕರಗಳಲ್ಲ. ಆದರೂ ಪಿಟೀಲು ಹಿಡಿದು ಕರೆ ಕೂಗಿದವರ ಸುಳಿವು ದೊರೆತದ್ದು ಅವುಗಳಲ್ಲಿಯೇ.